ಜುಮ್ಮೆನ್ನುವುದು ನಿಂತಿತು, ಅಪಾಯ ಹೆಚ್ಚಿತು

ಪ್ರಶ್ನೆ: ನಮ್ಮದು ಅಂಕೋಲಾ ತಾಲ್ಲೂಕಿನ ಕಡಲ ಬದಿಯ ಊರಿನಲ್ಲಿರುವ ಹಳೆಯ ಹೆಂಚಿನ ಮನೆ. ವೈರಿಂಗ್ ಮಾವನವರ ಕಾಲದ್ದು. ಬೆಂಗಳೂರಿನಲ್ಲಿರುವ ಮಗ ಬೇಸಿಗೆಯಲ್ಲಿ ಬಂದಾಗ ನೀರು ತಾನೇ ಕಾಯಿಸಿಕೊಳ್ಳುವಂಥ, ಮುಂಬಾಗಿಲಿನ ವಾಷಿಂಗ್ ಮಷಿನ್ ಕೊಡಿಸಿದ. ಒಳಗೆ ಜಾಗವಿಲ್ಲದ್ದರಿಂದ ಹಿತ್ತಲ ಜಗುಲಿಯಲ್ಲಿ, ಬಾವಿಕಟ್ಟೆಯ ಪಕ್ಕ, ತಗಡಿನ ಮಾಡಿನ ಕೆಳಗೆ ಇಟ್ಟಿದ್ದೇವೆ. ಅಲ್ಲಿ ಪಾಯಿಂಟ್ ಇಲ್ಲ. ಅಡುಗೆಮನೆಯ ಸಾಕೆಟ್ಟಿಗೆ ಎರಡು ಪಿನ್ನಿನ ಪ್ಲಗ್ ಹಾಕಿ, ವೈರನ್ನು ಕಿಟಕಿಯಿಂದ ಹೊರಗೆ ತೆಗೆದು, ತಗಡಿನ ಅಂಚಿನ ಮೇಲಿಂದ ತಂದು, ಜಗುಲಿಯ ಕಂಬಕ್ಕೆ ಒಂದು ಬೋರ್ಡ್ ಹೊಡೆದು ಅದರಲ್ಲಿ ಮಷಿನಿನ ದೊಡ್ಡ ಪ್ಲಗ್ ಹಾಕುತ್ತಿದ್ದೆವು. ಒದ್ದೆ ಕೈಯಲ್ಲಿ ಮುಟ್ಟಿದರೆ ಜುಮ್ ಎನ್ನುತ್ತಿತ್ತು. ಅಂಗಡಿಯವರು ಬಂದು ನೋಡಿ ಮಷಿನಿನಲ್ಲಿ ದೋಷವಿಲ್ಲ ಎಂದರು. ಪಕ್ಕದ ಮನೆಯವರು ಅಡುಗೆಮನೆಯ ಪ್ಲಗ್ಗನ್ನು ತಿರುಗಿಸಿ ಹಾಕಿ ನೋಡಿ ಎಂದರು. ತಿರುಗಿಸಿದರೂ ಜುಮ್ಮೆನ್ನುವುದು ನಿಲ್ಲಲಿಲ್ಲ. ಕೊನೆಗೆ ಊರಿನಲ್ಲಿ ಕರೆಂಟಿನ ಕೆಲಸ ಮಾಡುವವರೊಬ್ಬರು ಜಗುಲಿಯ ಬೋರ್ಡ್ ಬಿಚ್ಚಿ, ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ವೈರ್ ಕೊಟ್ಟರು. ಅಂದಿನಿಂದ ಜುಮ್ಮೆನ್ನುವುದು ಪೂರ್ತಿ ನಿಂತಿದೆ. ಆದರೆ ಬಿಸಿನೀರಿನಲ್ಲಿ ಒಗೆಯಲು ಹಾಕಿದಾಗ ಅಡುಗೆಮನೆಯ ಪ್ಲಗ್ ಮುಟ್ಟಲಾರದಷ್ಟು ಬಿಸಿಯಾಗುತ್ತದೆ. ಮಗ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬಿದ್ದು ಲೈನ್ ಕಡಿಯುವ ಸಾಧನ) ಹಾಕಿಸಿ ಎನ್ನುತ್ತಾನೆ. ಊರಿನವರು ಅದು ಮಳೆಗಾಲದಲ್ಲಿ ಪದೇ ಪದೇ ಬೀಳುತ್ತದೆ, ಸುಮ್ಮನೆ ತಲೆನೋವು ಎನ್ನುತ್ತಾರೆ. ಈಗ ಇರುವ ಹಾಗೆಯೇ ಬಳಸಬಹುದೇ? ಇಡೀ ಮನೆಯ ವೈರಿಂಗ್ ಬದಲಿಸಲೇಬೇಕೇ?

ಉತ್ತರ: ಮುಂದೆ ಓದುವ ಮೊದಲು ಒಂದು ಕೆಲಸ ಮಾಡಿ. ಮಷಿನಿನ ಹತ್ತಿರ ಹೋಗಬೇಡಿ. ಮನೆಯೊಳಗಿನ ಮೇನ್ ಸ್ವಿಚ್ ಆರಿಸಿ, ಅಡುಗೆಮನೆಯ ಆ ಎರಡು ಪಿನ್ನಿನ ಪ್ಲಗ್ ಕಿತ್ತು ತೆಗೆಯಿರಿ. ಆಮೇಲೆ ಮೇನ್ ಹಾಕಿಕೊಳ್ಳಿ. ಹೊಸ ಲೈನ್ ಎಳೆಸುವವರೆಗೆ ಆ ಪ್ಲಗ್ ಮತ್ತೆ ಸಾಕೆಟ್ ಸೇರಬಾರದು. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ನೀವು ಬರೆದಿರುವ ವ್ಯವಸ್ಥೆಯಲ್ಲಿ ನಿಮಗೂ ಪೂರ್ತಿ 230 ವೋಲ್ಟಿಗೂ ಮಧ್ಯೆ ಇರುವುದು ಆ ಪ್ಲಗ್ ಯಾವ ಮುಖವಾಗಿ ಕೂತಿದೆ ಎಂಬ ಒಂದೇ ಸಂಗತಿ.

ಕಾರಣ ಹೀಗಿದೆ. ಎರಡು ಪಿನ್ನಿನ ಪ್ಲಗ್ಗಿಗೆ ಇದೇ ದಿಕ್ಕು ಎಂಬುದಿಲ್ಲ, ಹೇಗೆ ಬೇಕಾದರೂ ಹಾಕಬಹುದು. ಒಂದು ರೀತಿ ಹಾಕಿದರೆ ಜಗುಲಿಯ ಬೋರ್ಡಿನಲ್ಲಿ ಎಡಗಡೆಯ ತಂತಿ ನ್ಯೂಟ್ರಲ್, ಎಂದರೆ ಕರೆಂಟನ್ನು ಹಿಂದಕ್ಕೆ ಒಯ್ಯುವ ತಂತಿ, ಆಗಿರುತ್ತದೆ. ತಿರುಗಿಸಿ ಹಾಕಿದರೆ ಅದೇ ತಂತಿ ಫೇಸ್, ಎಂದರೆ ಕರೆಂಟು ತರುವ ತಂತಿ, ಆಗುತ್ತದೆ. ಈಗ ಆ ತಂತಿಯಿಂದ ಅರ್ಥ್ ಪಿನ್ನಿಗೆ ತುಂಡು ವೈರ್ ಇದೆ, ಅರ್ಥ್ ಪಿನ್ ನೇರವಾಗಿ ಮಷಿನಿನ ಲೋಹದ ಮೈಗೆ ಹೋಗುತ್ತದೆ. ಜುಮ್ಮೆನ್ನುವುದು ನಿಂತಿದೆ ಎಂದರೆ ಈ ಹೊತ್ತಿಗೆ ಪ್ಲಗ್ ಸರಿಯಾದ ಮುಖದಲ್ಲಿದೆ ಎಂದರ್ಥ. ನಾಳೆ ಮಿಕ್ಸಿ ಹಾಕಲೆಂದು ಯಾರಾದರೂ ಅದನ್ನು ಕಿತ್ತು, ಮತ್ತೆ ಹಾಕುವಾಗ ತಿರುಗಿಸಿ ಹಾಕಿದರೆ ಮಷಿನಿನ ಇಡೀ ಮೈ ಫೇಸ್ ಆಗುತ್ತದೆ. ಫ್ಯೂಸ್ ಹೋಗುವುದಿಲ್ಲ, ಕಿಡಿ ಹಾರುವುದಿಲ್ಲ. ಮಷಿನ್ ರಬ್ಬರ್ ಕಾಲಿನ ಮೇಲೆ ನಿಂತು ಎಂದಿನಂತೆ ಬಟ್ಟೆ ಒಗೆಯುತ್ತಿರುತ್ತದೆ. ಬಾವಿಕಟ್ಟೆಯ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಅದರ ಬಾಗಿಲು ತೆಗೆಯುವವರ ಕೈಗೆ ಮಾತ್ರ ಅದು ತಿಳಿಯುತ್ತದೆ. ಪಕ್ಕದ ಮನೆಯವರ ಸಲಹೆಯೊಂದೇ ಇದ್ದಾಗ ಅದು ಉಪಯೋಗವಿಲ್ಲದ ಸಲಹೆ. ತುಂಡು ವೈರಿನ ಜೊತೆ ಸೇರಿದರೆ ಅದು ಪ್ರಾಣ ತೆಗೆಯುವ ಸಲಹೆ.

ಪ್ಲಗ್ಗನ್ನು ಯಾರೂ ತಿರುಗಿಸದಂತೆ ಅಂಟಿಸಿಬಿಟ್ಟರೆ ಸಾಕೇ? ಸಾಲದು. ನಮ್ಮ ಕಡೆ ಜೂನ್ ತಿಂಗಳಿನಲ್ಲಿ ಏನಾಗುತ್ತದೆ ಎಂಬುದು ನಿಮಗೇ ಗೊತ್ತು. ತೆಂಗಿನ ಹೆಡೆ ಲೈನಿನ ಮೇಲೆ ಬೀಳುತ್ತದೆ, ಗಾಳಿಗೆ ಸರ್ವಿಸ್ ವೈರ್ ಜೋಲಾಡುತ್ತದೆ. ಕಂಬದ ಮೇಲಿನ ನ್ಯೂಟ್ರಲ್ ಜೋಡಣೆ ಉಪ್ಪುಗಾಳಿಗೆ ಕಿಲುಬು ಹಿಡಿದು ಸಡಿಲವಾಗಿ, ಒಂದು ದಿನ ಬಿಟ್ಟುಕೊಳ್ಳುತ್ತದೆ. ನ್ಯೂಟ್ರಲ್ ಬಿಟ್ಟಾಗ ಮನೆಯ ದೀಪ, ಫ್ಯಾನು ಎಲ್ಲವೂ ಆರುತ್ತವೆ. ಕರೆಂಟು ಹೋಯಿತು ಎಂದುಕೊಳ್ಳುತ್ತೀರಿ. ಆದರೆ ಫೇಸ್ ಹೋಗಿರುವುದಿಲ್ಲ. ಅದು ಸ್ವಿಚ್ ಹಾಕಿದ ದೀಪದ ಮೂಲಕ, ಫ್ರಿಜ್ಜಿನ ಮೂಲಕ ಹಾದು, ಮನೆಯ ಇಡೀ ನ್ಯೂಟ್ರಲ್ ತಂತಿಗೆ ಬಂದು ಕಾಯುತ್ತಾ ನಿಲ್ಲುತ್ತದೆ. ಅಲ್ಲಿಂದ ನಿಮ್ಮ ತುಂಡು ವೈರ್ ಹಿಡಿದು ಮಷಿನಿನ ಮೈಗೆ ಇಳಿಯುತ್ತದೆ. ಮಳೆ ಬಂತು, ಕರೆಂಟು ಹೇಗೂ ಇಲ್ಲ, ಅರ್ಧಕ್ಕೆ ನಿಂತ ಬಟ್ಟೆ ತೆಗೆದುಬಿಡೋಣ ಎಂದು ನೀವು ಜಗುಲಿಗೆ ಹೋಗುವುದೂ ಆಗಲೇ.

ನ್ಯೂಟ್ರಲ್ಲನ್ನು ಟ್ರಾನ್ಸ್‌ಫಾರ್ಮರಿನ ಹತ್ತಿರ ಭೂಮಿಗೆ ಸೇರಿಸಿಯೇ ಇರುತ್ತಾರಲ್ಲ, ಮನೆಯಲ್ಲಿ ಸೇರಿಸಿದರೆ ತಪ್ಪೇನು ಎಂದು ನಿಮ್ಮ ಊರಿನ ಕೆಲಸಗಾರರು ಕೇಳಬಹುದು. ಮೊದಲರ್ಧ ನಿಜ. ಟ್ರಾನ್ಸ್‌ಫಾರ್ಮರಿನಲ್ಲಿ ಭೂಮಿಗೆ ಸೇರಿಸಿರುವುದರಿಂದಲೇ ನ್ಯೂಟ್ರಲ್ ಮುಟ್ಟಿದರೆ ಸಾಮಾನ್ಯವಾಗಿ ಶಾಕ್ ಹೊಡೆಯುವುದಿಲ್ಲ. ಆದರೆ ಆ ಭರವಸೆ ನಿಲ್ಲುವುದು ಅಲ್ಲಿಂದ ನಿಮ್ಮ ಮನೆಯವರೆಗಿನ ತಂತಿ ಎಲ್ಲಿಯೂ ಬಿಟ್ಟುಕೊಳ್ಳದೆ ಇದ್ದಾಗ ಮಾತ್ರ. ಕಂಬದಿಂದ ಕಂಬಕ್ಕೆ ತೆಂಗಿನ ತೋಟದ ನಡುವೆ ಹಾದು ಬರುವ ತಂತಿಯ ಮೇಲೆ ಅಂಥ ಭರವಸೆ ಇಡಲಾಗದು. ನ್ಯೂಟ್ರಲ್ ಇರುವುದು ಕೆಲಸ ಮುಗಿಸಿದ ಕರೆಂಟನ್ನು ಹಿಂದಕ್ಕೆ ಒಯ್ಯಲು. ಅರ್ಥ್ ಇರುವುದು ದೋಷವಾದ ದಿನಕ್ಕೆ ಮಾತ್ರ, ಉಳಿದ ದಿನ ಅದರಲ್ಲಿ ಹೇಳಿಕೊಳ್ಳುವಷ್ಟು ಏನೂ ಹರಿಯಬಾರದು. ಸಾಕೆಟ್ಟಿನ ಬಳಿ ಇವೆರಡನ್ನು ಸೇರಿಸುವುದು ಯಾವ ಲೆಕ್ಕದಲ್ಲಿಯೂ ಸರಿಯಲ್ಲ.

ಇನ್ನು ಜುಮ್ಮೆನ್ನುವ ವಿಷಯ. ಅಂಗಡಿಯವರು ಮಷಿನಿನಲ್ಲಿ ದೋಷವಿಲ್ಲ ಎಂದದ್ದು ಬಹುಮಟ್ಟಿಗೆ ಸರಿ ಇರಬಹುದು. ಈಗಿನ ವಾಷಿಂಗ್ ಮಷಿನ್‌ಗಳ ಒಳಗೆ ಎಲೆಕ್ಟ್ರಾನಿಕ್ ಬೋರ್ಡ್ ಇರುತ್ತದೆ. ಅದರಿಂದ ಹೊರಬೀಳುವ ತರಂಗಗಳು ರೇಡಿಯೊ, ಟಿವಿಗೆ ತೊಂದರೆ ಕೊಡದಿರಲೆಂದು ಒಂದು ಫಿಲ್ಟರ್ ಇರುತ್ತದೆ. ಫೇಸ್‌ನಿಂದ ಮೈಗೊಂದು, ನ್ಯೂಟ್ರಲ್‌ನಿಂದ ಮೈಗೊಂದು ಸಣ್ಣ ಕೆಪಾಸಿಟರ್ ಇಟ್ಟಿರುತ್ತಾರೆ. ಅರ್ಥ್ ಸರಿಯಿದ್ದರೆ ಈ ಕೆಪಾಸಿಟರುಗಳ ಸೋರಿಕೆ ಸದ್ದಿಲ್ಲದೆ ಭೂಮಿಗೆ ಹೋಗುತ್ತದೆ. ಅರ್ಥ್ ಇಲ್ಲದಿದ್ದರೆ ಎರಡು ಕೆಪಾಸಿಟರುಗಳ ನಡುವೆ ಸಿಕ್ಕ ಲೋಹದ ಮೈ 230ರ ಅರ್ಧಕ್ಕೆ, ಎಂದರೆ ಸುಮಾರು 115 ವೋಲ್ಟಿಗೆ ಏರಿ ಕೂರುತ್ತದೆ. ಟೆಸ್ಟರ್ ಇಟ್ಟರೆ ಉರಿಯುತ್ತದೆ. ಮುಟ್ಟಿದರೆ ಹರಿಯುವ ಕರೆಂಟು ಸಾಮಾನ್ಯವಾಗಿ ಒಂದು ಮಿಲಿಆಂಪಿಯರಿನ ಆಸುಪಾಸು, ಜುಮ್ಮೆನ್ನಿಸಲು ಅಷ್ಟು ಸಾಕು. ಪ್ಲಗ್ ತಿರುಗಿಸಿದರೂ ನಿಮ್ಮಲ್ಲಿ ವ್ಯತ್ಯಾಸವಾಗದ್ದು ಇದಕ್ಕೇ. ಕೆಪಾಸಿಟರ್ ಎರಡೂ ಕಡೆ ಇದೆಯಲ್ಲ.

ಹಾಗಾದರೆ ಜುಮ್ಮೆನ್ನುವುದು ನಿರುಪದ್ರವಿಯೇ? ಇಲ್ಲಿ ನಾನು ಅಂಗಡಿಯವರಿಂದ ಬೇರೆಯಾಗುತ್ತೇನೆ. ಆ ಒಂದು ಮಿಲಿಆಂಪಿಯರ್ ಕೊಲ್ಲುವುದಿಲ್ಲ, ನಿಜ. ಆದರೆ ಅದು ಮಷಿನಿನ ಮೈಗೆ ಅರ್ಥ್ ಇಲ್ಲ ಎಂಬುದನ್ನು ಖಚಿತವಾಗಿ ಹೇಳುತ್ತಿದೆ. ನಿಮ್ಮ ಮಷಿನಿನಲ್ಲಿ ನೀರು ಕಾಯಿಸುವ ಹೀಟರ್ ಇದೆ. ಕೆಲವು ವರ್ಷಗಳಲ್ಲಿ ಅದರ ಮೇಲೆ ಪೊರೆ ಕಟ್ಟಿ, ಲೋಹದ ಕವಚ ಬಿರಿದು, ಒಳಗಿನ ಕಾಯಿಲ್ ನೀರಿಗೆ ತಾಗುವುದು ಅಪರೂಪವಲ್ಲ. ಆ ದಿನ ಮೈಗೆ ಬರುವುದು ಒಂದು ಮಿಲಿಆಂಪಿಯರ್ ಆಗಿರುವುದಿಲ್ಲ. ಹತ್ತು ಮಿಲಿಆಂಪಿಯರ್ ದಾಟಿದರೆ ಸ್ನಾಯುಗಳು ಬಿಗಿದು ಹಿಡಿದ ಕೈಯನ್ನು ಬಿಡಲಾಗುವುದಿಲ್ಲ. ಮೂವತ್ತರ ಮೇಲೆ ಉಸಿರಾಟಕ್ಕೆ ತೊಂದರೆ. ಐವತ್ತು, ನೂರರ ಮಟ್ಟಕ್ಕೆ ಹೋದರೆ ಹೃದಯದ ಬಡಿತವೇ ತಾಳ ತಪ್ಪುತ್ತದೆ. ಚೆನ್ನಾಗಿ ನೆನೆದ ಮೈಯ ಪ್ರತಿರೋಧ ಸುಮಾರು ಸಾವಿರ ಓಮ್ ಎಂದು ಹಿಡಿಯಿರಿ, 230 ವೋಲ್ಟಿಗೆ 230 ಮಿಲಿಆಂಪಿಯರ್ ಹರಿಯುತ್ತದೆ. ಇಂದಿನ ಜುಮ್ಮೆನ್ನುವಿಕೆ ಕೆಪಾಸಿಟರಿನದೋ ಹೀಟರಿನದೋ ಎಂದು ಬೆರಳಿನಿಂದ ತಿಳಿಯಲು ಬರುವುದಿಲ್ಲ, ಅಳೆದೇ ನೋಡಬೇಕು. ಕಂಪನಿಯ ಸರ್ವಿಸ್‌ನವರು ಬಂದಾಗ ಇನ್ಸುಲೇಶನ್ ಟೆಸ್ಟರ್‌ನಿಂದ ಹೀಟರನ್ನು ಪರೀಕ್ಷಿಸಿಕೊಡಿ ಎಂದು ಕೇಳಿ. ಅದು ಕೆಲವೇ ನಿಮಿಷಗಳ ಕೆಲಸ.

ರಬ್ಬರ್ ಚಪ್ಪಲಿ ಹಾಕಿಕೊಂಡರೆ, ಮರದ ಮಣೆಯ ಮೇಲೆ ನಿಂತರೆ ಏನೂ ಆಗದು ಎನ್ನುವವರೂ ಇದ್ದಾರೆ. ಒಣಗಿದ ಚಪ್ಪಲಿಗೆ ಆ ಮಾತು ಸ್ವಲ್ಪ ಮಟ್ಟಿಗೆ ಸರಿ. ಬಾವಿಕಟ್ಟೆಯ ಬಳಿ ಚಪ್ಪಲಿ ಒಣಗಿರುವುದು ಯಾವಾಗ? ಅದೂ ಅಲ್ಲದೆ ಒಂದು ಕೈ ಮಷಿನ್ ಮೇಲೆ, ಇನ್ನೊಂದು ಕೈ ಒದ್ದೆ ಗೋಡೆಯ ಮೇಲೋ ನಲ್ಲಿಯ ಮೇಲೋ ಇದ್ದರೆ ಕರೆಂಟು ಕಾಲಿನ ತಂಟೆಗೇ ಹೋಗುವುದಿಲ್ಲ, ಎದೆಯ ಮೂಲಕವೇ ದಾಟುತ್ತದೆ.

ನಿಮ್ಮ ಪತ್ರದಲ್ಲಿ ನೀವು ಸಹಜವಾಗಿ ಹೇಳಿ ಮುಂದೆ ಹೋದ ಒಂದು ಮಾತು ನನ್ನನ್ನು ಬಹಳ ಹೊತ್ತು ಕಾಡಿತು: ವೈರ್ ತಗಡಿನ ಅಂಚಿನ ಮೇಲಿಂದ ಬರುತ್ತದೆ ಎಂಬುದು. ತಗಡಿನ ಅಂಚೆಂದರೆ ಕತ್ತಿಯ ಅಲಗು. ಗಾಳಿಗೆ ವೈರ್ ಅದರ ಮೇಲೆ ಹಗಲೂ ರಾತ್ರಿ ಉಜ್ಜುತ್ತಿರುತ್ತದೆ. ಬಿಸಿಲಿಗೆ ಪ್ಲಾಸ್ಟಿಕ್ ಕವಚ ಗಡುಸಾಗಿ ಒಡೆಯುತ್ತದೆ. ಅದು ಹರಿದ ದಿನ ಇಡೀ ಮಾಡಿಗೆ ಕರೆಂಟು ಬರುತ್ತದೆ. ಆ ತಗಡಿನ ಕಬ್ಬಿಣದ ಕಂಬಕ್ಕೆ ಬಟ್ಟೆ ಒಣಗಿಸುವ ತಂತಿ ಕಟ್ಟಿದ್ದೀರಾ? ನಮ್ಮ ಕರಾವಳಿಯ ಮನೆಗಳಲ್ಲಿ ಸಾಮಾನ್ಯವಾಗಿ ಕಟ್ಟಿರುತ್ತಾರೆ. ಒದ್ದೆ ಬಟ್ಟೆ ಹರವಲು ಕೈ ಎತ್ತಿದ ಹೆಂಗಸರು ಹಾಗೆಯೇ ಜೀವ ಕಳೆದುಕೊಂಡ ಸುದ್ದಿ ಮಳೆಗಾಲದ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಅಂಥ ತಂತಿಯನ್ನು ಇವತ್ತೇ ಬಿಚ್ಚಿ, ನೈಲಾನ್ ಹಗ್ಗ ಕಟ್ಟಿ. ತಗಡಿನ ಮಾಡಿನ ಮೇಲೆ, ಕೆಳಗೆ, ಅಂಚಿನಲ್ಲಿ ಯಾವ ವೈರೂ ತಾಗಿಕೊಂಡು ಹಾಯಬಾರದು. ಬೇರೆ ದಾರಿಯೇ ಇಲ್ಲವೆಂದರೆ ದಪ್ಪ ಪಿವಿಸಿ ಪೈಪಿನೊಳಗೆ ಹಾಯಿಸಿ, ಗೋಡೆಗೆ ಗಟ್ಟಿಯಾಗಿ ಬಿಗಿಯಬೇಕು.

ಪ್ಲಗ್ ಬಿಸಿಯಾಗುವುದು ಇದೇ ವ್ಯವಸ್ಥೆಯ ಇನ್ನೊಂದು ದೋಷ. ನೀರು ಕಾಯಿಸುವ ಮಷಿನ್ ಸುಮಾರು 2000 ವಾಟ್ ಎಳೆಯುತ್ತದೆ, ಹತ್ತಿರ ಹತ್ತಿರ 9 ಆಂಪಿಯರ್. ಅಡುಗೆಮನೆಯ ಸಣ್ಣ ಸಾಕೆಟ್ ಇರುವುದು 6 ಆಂಪಿಯರಿಗೆ. ಮಷಿನಿಗೆ ದೊಡ್ಡ ಪಿನ್ನಿನ 16 ಆಂಪಿಯರ್ ಪ್ಲಗ್ ಕೊಟ್ಟಿರುವುದೇ ಸಣ್ಣದರಲ್ಲಿ ಅದು ಹಿಡಿಸಬಾರದೆಂದು. ಮಧ್ಯೆ ಒಂದು ಬೋರ್ಡ್ ಮಾಡಿ ಆ ತಡೆಯನ್ನು ದಾಟಿದ್ದಾರೆ. ಕರೆಂಟು ಒಂದೂವರೆ ಪಟ್ಟಾದರೆ ತಾಪ ಎರಡು ಪಟ್ಟಿಗಿಂತ ಹೆಚ್ಚುತ್ತದೆ. ಆ ಪ್ಲಗ್ ಕಿತ್ತಾಗ ಪಿನ್‌ಗಳನ್ನು ಬೆಳಕಿಗೆ ಹಿಡಿದು ನೋಡಿ. ಹಿತ್ತಾಳೆ ಕಂದು ತಿರುಗಿ, ಬುಡದ ಪ್ಲಾಸ್ಟಿಕ್ ಸ್ವಲ್ಪ ಉಬ್ಬಿರುತ್ತದೆ, ಸಾಕೆಟ್ಟಿನ ರಂಧ್ರದ ಸುತ್ತ ಹಳದಿ ಉಂಗುರ ಬಿದ್ದಿರುತ್ತದೆ, ಮೂಗಿನ ಹತ್ತಿರ ತಂದರೆ ಸುಟ್ಟ ವಾಸನೆ. ಒಮ್ಮೆ ಹೀಗೆ ಕಾದ ಸಾಕೆಟ್ಟಿನೊಳಗಿನ ಹಿತ್ತಾಳೆಯ ಹಿಡಿ ಬಿಗಿ ಕಳೆದುಕೊಳ್ಳುತ್ತದೆ. ಸಡಿಲವಾದಷ್ಟು ಇನ್ನೂ ಕಾಯುತ್ತದೆ. ಪ್ಲಗ್ ಬದಲಿಸಿ ಉಪಯೋಗವಿಲ್ಲ, ಆ ಸಾಕೆಟ್ಟನ್ನೇ ಬದಲಿಸಬೇಕು. ಮನೆಯ ಹಳೆಯ ಪಿಂಗಾಣಿ ಫ್ಯೂಸಿನಲ್ಲಿ ಯಾರಾದರೂ ದಪ್ಪ ತಾಮ್ರದ ತಂತಿ ಸುತ್ತಿದ್ದರೆ ವೈರ್ ಸುಟ್ಟರೂ ಫ್ಯೂಸ್ ಸುಡುವುದಿಲ್ಲ. ಅದನ್ನೂ ನೋಡಿಸಿ.

ಈಗ ಅರ್ಥಿಂಗ್ ವಿಷಯಕ್ಕೆ ಬರುತ್ತೇನೆ. ನಮ್ಮ ಜಿಲ್ಲೆಯ ನೆಲದಲ್ಲಿ ಇದು ಬಯಲುಸೀಮೆಯ ಹಾಗೆ ಸುಲಭವಲ್ಲ. ಮೂರು ರಂಧ್ರದ ಸಾಕೆಟ್ ಇದ್ದ ಮಾತ್ರಕ್ಕೆ ಅರ್ಥ್ ಇದೆ ಎಂದಲ್ಲ. ಹಳೆಯ ಮನೆಗಳಲ್ಲಿ ಮೇಲಿನ ದೊಡ್ಡ ರಂಧ್ರದ ಹಿಂದೆ ತಂತಿಯೇ ಇರುವುದಿಲ್ಲ. ತಂತಿ ಇದ್ದರೂ ಅದು ಹೋಗಿ ಸೇರುವ ಪೈಪು ಉಪ್ಪುನೀರಿನ ಪಸೆಗೆ ತುಕ್ಕು ಹಿಡಿದು, ನೆಲದ ಮಟ್ಟದಲ್ಲಿಯೇ ತುಂಡಾಗಿರುವುದನ್ನು ಕಾರವಾರದಿಂದ ಹೊನ್ನಾವರದವರೆಗೆ ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಮೇಲೆ ಬಣ್ಣ ಬಳಿದ ಪೈಪು ಗಟ್ಟಿಯಾಗಿ ಕಾಣುತ್ತದೆ, ಕೈಯಲ್ಲಿ ಅಲುಗಿಸಿದರೆ ಕಿತ್ತು ಬರುತ್ತದೆ.

ಪೈಪ್ ಸರಿಯಿದ್ದರೂ ಚಿರೆಕಲ್ಲಿನ ನೆಲದಲ್ಲಿ ಕರೆಂಟು ಸುಲಭವಾಗಿ ಇಳಿಯುವುದಿಲ್ಲ. ಶಿರಸಿ ಕಡೆ ಮನೆ ಇರುವುದು ಎತ್ತರದ ಕೆಂಪು ಕಲ್ಲಿನ ಮೇಲೆ, ತೇವ ಇರುವುದು ಕೆಳಗಿನ ಅಡಿಕೆ ತೋಟದಲ್ಲಿ. ಕಡಲ ಬದಿಯ ಮರಳಿನಲ್ಲಿ ನೀರು ನಿಲ್ಲದೆ ಇಳಿದುಹೋಗುತ್ತದೆ. ಇಂಥ ಕಡೆ ಅರ್ಥ್ ಪಿಟ್ಟಿನ (ಅರ್ಥ್ ಪೈಪು ಹೂಳುವ ಗುಂಡಿಯ) ಪ್ರತಿರೋಧ 50 ಓಮ್ ಇದ್ದರೆ ಆಶ್ಚರ್ಯವಿಲ್ಲ. ಮಷಿನಿನೊಳಗೆ ಫೇಸ್ ತಂತಿ ಮೈಗೆ ತಾಗಿತು ಎನ್ನಿ. 230 ವೋಲ್ಟನ್ನು 50 ಓಮ್‌ನಿಂದ ಭಾಗಿಸಿದರೆ ಹರಿಯುವುದು ಹೆಚ್ಚೆಂದರೆ 4.6 ಆಂಪಿಯರ್. 16 ಆಂಪಿಯರಿನ ಎಂಸಿಬಿ (ಕರೆಂಟು ಮಿತಿಮೀರಿದರೆ ತಾನೇ ಆರುವ ಸ್ವಿಚ್) ಅದನ್ನು ಒಂದು ಇಸ್ತ್ರಿಪೆಟ್ಟಿಗೆ ಹಾಕಿದ್ದಾರೆಂದು ತಿಳಿದು ಸುಮ್ಮನಿರುತ್ತದೆ. ಮಷಿನಿನ ಮೈ ಗಂಟೆಗಟ್ಟಲೆ ಅಪಾಯದ ವೋಲ್ಟೇಜಿನಲ್ಲಿಯೇ ಉಳಿಯುತ್ತದೆ. ಅರ್ಥಿಂಗ್ ಮಾಡಿಸಿದ್ದೇವೆ, ಎಂಸಿಬಿ ಇದೆ, ಇನ್ನೇನು ಬೇಕು ಎಂದು ನಂಬಿದ ಮನೆಗಳಲ್ಲಿ ಅಪಘಾತವಾಗುವುದು ಹೀಗೆ. ಎಂಸಿಬಿ ಕಾಯುವುದು ವೈರನ್ನು, ಮನುಷ್ಯರನ್ನಲ್ಲ.

ನಿಮ್ಮ ಮಗ ಹೇಳಿದ ಆರ್‌ಸಿಸಿಬಿ ಮನುಷ್ಯರನ್ನು ಕಾಯುವ ಸಾಧನ. ಅದು ಅಂಗಡಿಯ ರೋಕಡಿ ಲೆಕ್ಕ ನೋಡಿದ ಹಾಗೆ, ಫೇಸ್‌ನಲ್ಲಿ ಹೋದಷ್ಟೂ ನ್ಯೂಟ್ರಲ್‌ನಲ್ಲಿ ಮರಳಿ ಬಂತೇ ಎಂದು ನೋಡುತ್ತಿರುತ್ತದೆ. 30 ಮಿಲಿಆಂಪಿಯರಿನಷ್ಟು ವ್ಯತ್ಯಾಸ ಬಂದರೆ ಸೆಕೆಂಡಿನ ಸಣ್ಣ ಭಾಗದಲ್ಲಿ ಲೈನ್ ಕಡಿದುಬಿಡುತ್ತದೆ. ಮೇಲಿನ ಲೆಕ್ಕದಲ್ಲಿ 4.6 ಆಂಪಿಯರ್ ಎಂದರೆ 4600 ಮಿಲಿಆಂಪಿಯರ್, ಅದಕ್ಕೆ ಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅರ್ಥ್ ಸಾವಿರ ಓಮ್‌ಗೆ ಹೋದರೂ ಮಷಿನಿನ ಮೈ 30 ವೋಲ್ಟಿನ ಆಸುಪಾಸು ಮುಟ್ಟುವಷ್ಟರಲ್ಲಿ ಅದು ಬೀಳುತ್ತದೆ. ಹಾಗೆಂದು ಅರ್ಥ್ ಬೇಡವೇ ಎಂದರೆ ಬೇಕು. ಅರ್ಥ್ ಇದ್ದರೆ ದೋಷವಾದ ಕ್ಷಣದಲ್ಲಿಯೇ ಆರ್‌ಸಿಸಿಬಿ ಬೀಳುತ್ತದೆ, ನೀವು ಮುಟ್ಟುವ ಮೊದಲೇ. ಅರ್ಥ್ ಇಲ್ಲದಿದ್ದರೆ ನೀವು ಮುಟ್ಟಿ ನಿಮ್ಮ ಮೈಯಲ್ಲಿ ಹರಿದ ಮೇಲೆ ಬೀಳುತ್ತದೆ. ಪ್ರಾಣ ಉಳಿಯುವ ಸಾಧ್ಯತೆ ಹೆಚ್ಚು, ಆದರೆ ಹೊಡೆತ ತಪ್ಪದು, ಒದ್ದೆ ನೆಲದಲ್ಲಿ ಜಾರಿ ಬಿದ್ದು ಪೆಟ್ಟಾಗಬಹುದು. ಇನ್ನೂ ಒಂದು ಮಿತಿ ಇದೆ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದು, ಭೂಮಿಗೆ ಏನೂ ಸೋರದಿದ್ದರೆ ಅದು ನಿಮ್ಮನ್ನು ಬಲ್ಬಿನಿಂದ ಬೇರೆಯಾಗಿ ಗುರುತಿಸುವುದಿಲ್ಲ.

ಮಳೆಗಾಲದಲ್ಲಿ ಪದೇ ಪದೇ ಬೀಳುತ್ತದೆ ಎಂಬ ದೂರು ಸುಳ್ಳಲ್ಲ. ಬೀಳುವುದು ಸೋರಿಕೆ ಇರುವುದಕ್ಕೆ. ಪಸೆ ಹಿಡಿದ ಗೋಡೆಯ ಸ್ವಿಚ್ ಬೋರ್ಡ್, ಅದರಲ್ಲಿ ಗೂಡು ಮಾಡಿದ ಇರುವೆಗಳು, ಹೊರಗಿನ ದೀಪದ ಹೋಲ್ಡರಿಗೆ ಇಳಿದ ನೀರು, ಟೇಪು ಸುತ್ತಿದ ಹಳೆಯ ಜೋಡಣೆ, ಹೀಗೆ ಕಾರಣಗಳನ್ನು ಹುಡುಕಿದರೆ ಸಿಗುತ್ತವೆ. ಎರಡು ಲೈನಿನ ನ್ಯೂಟ್ರಲ್ ಎಲ್ಲೋ ಒಂದಕ್ಕೊಂದು ಸೇರಿಕೊಂಡಿದ್ದರೂ ಬೀಳುತ್ತದೆ. ನಿಮ್ಮ ಮನೆಯಲ್ಲಿ ಆ ತುಂಡು ವೈರ್ ಹಾಗೆಯೇ ಬಿಟ್ಟು, ಅದೇ ಬೋರ್ಡಿಗೆ ಅರ್ಥ್ ಎಳೆದು ಆರ್‌ಸಿಸಿಬಿ ಹಾಕಿಸಿದರೆ ಮಷಿನ್ ಹಾಕಿದಾಗಲೆಲ್ಲ ಬೀಳುತ್ತದೆ. ಆಗ ಅದನ್ನೇ ದೂರಿ ಕಿತ್ತುಹಾಕುತ್ತಾರೆ. ಮನೆಯೆಲ್ಲಕ್ಕೂ ಒಂದೇ ಆರ್‌ಸಿಸಿಬಿ ಹಾಕಿದ್ದರೆ ಹಿತ್ತಲ ದೀಪದ ಸೋರಿಕೆಗೆ ಫ್ರಿಜ್ಜೂ ಆರುತ್ತದೆ, ಅದು ನಿಜವಾದ ತೊಂದರೆ. ಅದಕ್ಕೆ ಮಷಿನ್ ಮತ್ತು ಬಚ್ಚಲಿನ ಲೈನಿಗೆ ಬೇರೆಯೇ ಒಂದನ್ನು ಕೊಡಿಸುವುದು ಪರಿಹಾರ. ಬೀಳುತ್ತದೆಂದು ತೆಗೆಸುವುದಲ್ಲ.

ನಿಮ್ಮ ಮುಂದೆ ಎರಡು ದಾರಿಗಳಿವೆ. ಇಡೀ ಮನೆಯ ವೈರಿಂಗ್ ಹೊಸದಾಗಿ ಮಾಡಿಸುವುದು ಒಂದು. ಮಾವನವರ ಕಾಲದ್ದು ಎಂದರೆ ಅಲ್ಯೂಮಿನಿಯಂ ತಂತಿಯೂ ಇರಬಹುದು, ಅರ್ಥ್ ತಂತಿಯಂತೂ ಇರಲಾರದು. ಕೊನೆಗೆ ಅದನ್ನು ಮಾಡಿಸಲೇಬೇಕಾಗುತ್ತದೆ. ಆದರೆ ಖರ್ಚು ದೊಡ್ಡದು, ಮಳೆಯಲ್ಲಿ ಗೋಡೆ ಕೊರೆಯುವುದೂ ಒಳ್ಳೆಯದಲ್ಲ. ದೀಪಾವಳಿ ಕಳೆದು ಗೋಡೆಗಳು ಒಣಗಿದ ಮೇಲೆ ಮಾಡಿಸಿ, ಒಂದೇ ಸಲಕ್ಕೆ ಆಗದಿದ್ದರೆ ಬಚ್ಚಲು, ಅಡುಗೆಮನೆಯಿಂದ ಶುರು ಮಾಡಿ.

ಇನ್ನೊಂದು ದಾರಿಯನ್ನು ನಾನು ಈಗಲೇ ಮಾಡಿಸಿ ಎನ್ನುತ್ತೇನೆ. ಮೀಟರ್ ಬೋರ್ಡಿನಿಂದ ಮಷಿನಿಗೆಂದೇ ಒಂದು ಪ್ರತ್ಯೇಕ ಲೈನ್ ಎಳೆಸಿ. ಫೇಸ್, ನ್ಯೂಟ್ರಲ್, ಅರ್ಥ್ ಮೂರೂ 2.5 ಚದರ ಮಿಲಿಮೀಟರಿನ ತಾಮ್ರದ ವೈರ್, ಮಧ್ಯೆ ಎಲ್ಲಿಯೂ ಜೋಡಣೆ ಇಲ್ಲದಂತೆ, ಪಿವಿಸಿ ಪೈಪಿನೊಳಗೆ. ಆರಂಭದಲ್ಲಿ 16 ಆಂಪಿಯರಿನ ಎಂಸಿಬಿ ಮತ್ತು 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಎರಡೂ ಒಂದರಲ್ಲಿಯೇ ಇರುವ ಆರ್‌ಸಿಬಿಓ ಆದರೂ ಸರಿ. ಇನ್ವರ್ಟರ್ ಮೋಟಾರಿನ ಮಷಿನ್ ಆಗಿದ್ದರೆ ‘ಟೈಪ್ ಎ’ ಎಂದು ಬರೆದಿರುವುದನ್ನು ಕೇಳಿ ಪಡೆಯಿರಿ. ‘ಟೈಪ್ ಎಸಿ’ ಎಂಬುದು ಅಂಥ ಮೋಟಾರಿನ ಸೋರಿಕೆಯನ್ನು ಕೆಲವೊಮ್ಮೆ ಗುರುತಿಸುವುದಿಲ್ಲ. ಕೊನೆಯಲ್ಲಿ ಒಳ್ಳೆಯ ಗುಣಮಟ್ಟದ 16 ಆಂಪಿಯರ್ ಸಾಕೆಟ್, ಎದುರಿನಿಂದ ನೋಡಿದಾಗ ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್, ಮೇಲೆ ಅರ್ಥ್. ಅದನ್ನು ಜಗುಲಿಯ ಕಂಬದ ಮೇಲಲ್ಲ, ಎರಚಲು ಬಾರದ ಒಳಗೋಡೆಯ ಮೇಲೆ, ಎದೆಯೆತ್ತರದಲ್ಲಿ, ಮುಚ್ಚಳವಿರುವ ಪೆಟ್ಟಿಗೆಯಲ್ಲಿ ಕೂರಿಸಿ. ಸಾಧ್ಯವಾದರೆ ಮಷಿನನ್ನೂ ಬಾವಿಕಟ್ಟೆಯಿಂದ ದೂರಕ್ಕೆ, ಗೋಡೆಯ ಮರೆಗೆ ಸರಿಸಿ. ಈ ದಾರಿಯ ಕೊರತೆಯೆಂದರೆ ಮನೆಯ ಉಳಿದ ಪಾಯಿಂಟುಗಳಿಗೆ ರಕ್ಷಣೆ ಸಿಗುವುದಿಲ್ಲ. ಬಚ್ಚಲಿನಲ್ಲಿ ನೀರು ಕಾಯಿಸುವ ರಾಡ್ ಬಳಸುತ್ತಿದ್ದರೆ ಅದನ್ನು ಹಳೆಯ ಸಾಕೆಟ್ಟಿಗೆ ಹಾಕುವುದನ್ನು ನಿಲ್ಲಿಸಿ.

ಅರ್ಥ್ ಪಿಟ್ಟನ್ನು ಹೊಸದಾಗಿಯೇ ಮಾಡಿಸಿ. ನಿಮ್ಮ ಬಚ್ಚಲ ನೀರು ಹರಿದುಹೋಗುವ ತೆಂಗಿನ ಬುಡ ಇರುತ್ತದಲ್ಲ, ವರ್ಷವಿಡೀ ನೆಲ ತಂಪಾಗಿರುವ ಆ ಜಾಗವೇ ಉತ್ತಮ. ಮನೆಯ ಗೋಡೆಯಿಂದ ಒಂದೂವರೆ ಮೀಟರಾದರೂ ದೂರವಿರಲಿ. ರೂಢಿಯ ಲೆಕ್ಕ 40 ಮಿಲಿಮೀಟರ್ ವ್ಯಾಸದ, ಎರಡೂವರೆ ಮೀಟರ್ ಉದ್ದದ ಸತುವು ಲೇಪಿಸಿದ ಕಬ್ಬಿಣದ ಪೈಪು. ಚಿರೆಕಲ್ಲು ಅಡ್ಡ ಬಂತೆಂದು ಒಂದು ಮೀಟರಿಗೆ ಕತ್ತರಿಸಿ ಹೂತು ಮೇಲೆ ಸಿಮೆಂಟ್ ಹಾಕುವವರಿದ್ದಾರೆ. ಹೂಳುವಾಗ ಎದುರಿಗೆ ನಿಂತು ನೋಡಿ. ಉಪ್ಪು, ಇದ್ದಿಲು ಹಾಕುವುದು ಹಳೆಯ ಪದ್ಧತಿ. ಉಪ್ಪು ಪ್ರತಿರೋಧ ಇಳಿಸುತ್ತದೆ ನಿಜ, ಆದರೆ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ನಮ್ಮಲ್ಲಿ ಅದು ಕರಗಿ ಹೋಗುತ್ತದೆ, ಹೋಗುವ ಮೊದಲು ಪೈಪನ್ನು ತಿನ್ನುತ್ತದೆ. ತಾಮ್ರ ಲೇಪಿಸಿದ ರಾಡ್ ಮತ್ತು ಬೆಂಟೊನೈಟ್ ಜೇಡಿಮಣ್ಣು ಕಡಲ ಬದಿಗೆ ಹೆಚ್ಚು ಬಾಳಿಕೆ. ತಂತಿಯನ್ನು ಪೈಪಿಗೆ ಬರೀ ಸುತ್ತಿ ಬಿಡದೆ ಬೋಲ್ಟಿನಿಂದ ಬಿಗಿಸಿ, ಜೋಡಣೆಯ ಮೇಲೆ ಗ್ರೀಸ್ ಹಚ್ಚಿಸಿ, ತೆರೆದು ನೋಡಲು ಬರುವಂತೆ ಸಣ್ಣ ಮುಚ್ಚಳ ಇಡಿಸಿ. ನಲ್ಲಿಯ ಪೈಪಿಗೆ, ಕಿಟಕಿಯ ಸರಳಿಗೆ, ಬಾವಿಯ ಪಂಪಿನ ಪೈಪಿಗೆ ಅರ್ಥ್ ಕೊಡುವುದನ್ನು ಒಪ್ಪಬೇಡಿ. ಈಗ ಹೆಚ್ಚಿನ ಪೈಪುಗಳ ಮಧ್ಯೆ ಎಲ್ಲೋ ಪಿವಿಸಿ ತುಂಡು ಇರುತ್ತದೆ, ಕರೆಂಟು ಭೂಮಿಗೆ ಹೋಗದೆ ನಲ್ಲಿಯಲ್ಲಿ ನಿಲ್ಲುತ್ತದೆ.

ಪಿಟ್ ಆದ ಮೇಲೆ ಬಲ್ಬ್ ಹಾಕಿ ತೋರಿಸುತ್ತಾರೆ: ಫೇಸ್‌ಗೂ ಅರ್ಥ್‌ಗೂ ನಡುವೆ ನೂರು ವಾಟಿನ ಬಲ್ಬ್, ಝಗ್ಗೆಂದು ಉರಿದರೆ ಅರ್ಥ್ ಚೆನ್ನಾಗಿದೆ ಎಂದು. ಅದನ್ನು ನಂಬಬೇಡಿ. ಆ ಬಲ್ಬ್ ಎಳೆಯುವುದು ಅರ್ಧ ಆಂಪಿಯರಿಗಿಂತ ಕಡಿಮೆ. ಅರ್ಥ್ 50 ಓಮ್ ಇದ್ದರೂ ಬಲ್ಬಿಗೆ ಕಡಿಮೆಯಾಗುವುದು ಇಪ್ಪತ್ತು ವೋಲ್ಟಿನಷ್ಟು, ಕಣ್ಣಿಗೆ ವ್ಯತ್ಯಾಸವೇ ಕಾಣದು. ಅರ್ಥ್ ತಂತಿ ಎಲ್ಲೋ ಕಡಿದಿದ್ದರಂತೂ ಬಲ್ಬಿನ ಮೂಲಕ ಬಂದ ಫೇಸ್ ಆ ತಂತಿಗೆ ಸೇರಿದ ಎಲ್ಲ ಯಂತ್ರಗಳ ಮೈಗೂ ಹಬ್ಬುತ್ತದೆ. ಪರೀಕ್ಷೆಯ ಹೊತ್ತಿನಲ್ಲಿ ಒಳಗೆ ಫ್ರಿಜ್ ಮುಟ್ಟಿದವರ ಗತಿಯೇನು? ಅರ್ಥ್ ಟೆಸ್ಟರ್ ಎಂಬ ಉಪಕರಣದಿಂದಲೇ ಅಳೆಯಬೇಕು. ಅದನ್ನು ಇಟ್ಟುಕೊಂಡಿರುವ, ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರನ್ನು ಕರೆಸಿ. ಅಳೆಸುವ ಕಾಲವೂ ಮುಖ್ಯ. ಜುಲೈಯಲ್ಲಿ ಅಳೆದರೆ ಎಲ್ಲ ಪಿಟ್ಟುಗಳೂ ಒಳ್ಳೆಯ ಅಂಕಿಯನ್ನೇ ತೋರಿಸುತ್ತವೆ. ಮೇ ತಿಂಗಳಲ್ಲಿ, ನೆಲ ಒಣಗಿ ಬಿರಿದಾಗ ಬರುವ ಅಂಕಿಯೇ ನಿಜ. ಈಗ ಒಮ್ಮೆ ಅಳೆಸಿ ಬರೆದಿಟ್ಟುಕೊಳ್ಳಿ, ಬರುವ ಮೇ ತಿಂಗಳಲ್ಲಿ ಇನ್ನೊಮ್ಮೆ ಅಳೆಸಿ.

ಕೈಗಾದ ಅಣುಸ್ಥಾವರದಲ್ಲಿ 220 ಮೆಗಾವಾಟಿನ ನಾಲ್ಕು ಘಟಕಗಳಿವೆ, ಕದ್ರಾ, ಗೇರುಸೊಪ್ಪೆಗಳಲ್ಲಿ ಜಲವಿದ್ಯುತ್ ಹುಟ್ಟುತ್ತದೆ. ಇಷ್ಟೊಂದು ಕರೆಂಟು ಕೊಡುವ ಜಿಲ್ಲೆಯ ಮನೆಗಳಲ್ಲಿ ಹಿತ್ತಲ ಕೊನೆಯ ಹತ್ತು ಮೀಟರಿನ ವೈರಿಗೆ ಜನ ಬಲಿಯಾಗುವುದು ನನಗೆ ಸಹಿಸಲಾಗದ ವಿಷಯ. ಹೆಸ್ಕಾಂ ಜವಾಬ್ದಾರಿ ಮೀಟರಿನವರೆಗೆ. ದೀಪಗಳು ಒಮ್ಮೆಲೇ ಮಂಕಾಗುವುದು, ಮರುಕ್ಷಣ ಕಣ್ಣು ಕೋರೈಸುವಂತೆ ಉರಿಯುವುದು ಕಂಡರೆ ಹೊರಗಿನ ನ್ಯೂಟ್ರಲ್ ಸಡಿಲವಾಗಿದೆ ಎಂದರ್ಥ. ಮೇನ್ ಆರಿಸಿ 1912ಕ್ಕೆ ಕರೆ ಮಾಡಿ, ಕಾಯಬೇಡಿ. ಮೀಟರಿನಿಂದ ಈಚೆಯದು ನಮ್ಮ ಕೆಲಸ.

ಊರಿನ ಆ ಕೆಲಸಗಾರರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಅವರು ಕೆಡುಕು ಬಯಸಿ ಮಾಡಿದ್ದಲ್ಲ. ಜುಮ್ಮೆನ್ನುವುದು ನಿಲ್ಲಬೇಕು ಎಂದು ನೀವು ಕೇಳಿದಿರಿ, ನಿಲ್ಲಿಸಿದರು. ಆದರೆ ಅವರು ಇನ್ನೂ ಎಷ್ಟು ಮನೆಗಳಲ್ಲಿ ಹೀಗೆಯೇ ತುಂಡು ವೈರ್ ಕೊಟ್ಟಿದ್ದಾರೋ ಗೊತ್ತಿಲ್ಲ. ಈ ಉತ್ತರವನ್ನು ಅವರಿಗೂ ತೋರಿಸಿ, ಆ ಮನೆಗಳಿಗೆ ಹೋಗಿ ಬಿಚ್ಚಿಬರಲು ಹೇಳಿ.

ಹೊಸ ಲೈನ್ ಮುಗಿದ ಮೇಲೆ ದುಡ್ಡು ಎಣಿಸುವ ಮೊದಲು ನಿಮ್ಮ ಎದುರಿಗೆ ಮೂರನ್ನು ಮಾಡಿಸಿ. ಜಗುಲಿಯ ಹಳೆಯ ಬೋರ್ಡನ್ನು ವೈರ್ ಸಮೇತ ಕಳಚಿ ಹೊರಗೆ ಹಾಕಬೇಕು. ಹೊಸ ಸಾಕೆಟ್ ಬಿಚ್ಚಿ, ನ್ಯೂಟ್ರಲ್‌ಗೂ ಅರ್ಥ್‌ಗೂ ಏನೂ ಸೇರಿಲ್ಲ ಎಂಬುದನ್ನು ತೋರಿಸಬೇಕು. ಆರ್‌ಸಿಸಿಬಿಯ ಮೇಲೆ ‘ಟಿ’ ಎಂದು ಬರೆದ ಸಣ್ಣ ಗುಂಡಿ ಇರುತ್ತದೆ, ಅದನ್ನು ನೀವೇ ಒತ್ತಿ. ತಕ್ಷಣ ಲೈನ್ ಬೀಳಬೇಕು. ಉಪ್ಪುಗಾಳಿಯಲ್ಲಿ ಒಳಗಿನ ಸ್ಪ್ರಿಂಗ್ ಜಡವಾಗುವುದರಿಂದ ತಿಂಗಳಿಗೊಮ್ಮೆ ಅದನ್ನು ಒತ್ತಿ ನೋಡುತ್ತಿರಿ. ಒತ್ತಿದಾಗ ಬೀಳಲಿಲ್ಲವೆಂದರೆ ಆ ದಿನವೇ ಬದಲಿಸಿ, ಬದಲಿಸುವವರೆಗೆ ಮಷಿನ್ ಹಾಕಬೇಡಿ.